'ನನಗೆ ಗೊತ್ತು' ಅಂದರೆ ಸಾಕೇ?

ಪ್ರಶ್ನೆ: ಒಂದು ವಿಷಯ ನಿಜ ಅಂತ ನನಗೆ ಪೂರ್ತಿ ಖಾತ್ರಿ ಇರುತ್ತದೆ. ಆದರೂ ಕೇಳಿದವರು 'ಅದು ನಿಮ್ಮ ನಂಬಿಕೆ ಅಷ್ಟೇ' ಅನ್ನುತ್ತಾರೆ. ನಂಬಿಕೆ, ತಿಳಿವಳಿಕೆ, ಸಾಬೀತಾದ ಸಂಗತಿ, ಇವು ಮೂರಕ್ಕೂ ಏನು ವ್ಯತ್ಯಾಸ?

ಉತ್ತರ: ಮನಸ್ಸಿನ ಒಳಗೆ ಈ ಮೂರೂ ಒಂದೇ ಥರ ಇರುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ. ಖಾತ್ರಿ ಎಷ್ಟು ಜಾಸ್ತಿ ಇದೆ ಅಂತ ನೋಡಿ ಇವನ್ನು ಬೇರೆ ಮಾಡಲು ಬರುವುದಿಲ್ಲ. ಆ ಖಾತ್ರಿ ಎಲ್ಲಿಂದ ಬಂತು ಅಂತ ಕೇಳಬೇಕು.

ಮನೆಯಿಂದ ಹೊರಟು ಇಪ್ಪತ್ತು ಹೆಜ್ಜೆ ನಡೆದಿದ್ದೀರಿ. ಬೀಗ ಹಾಕಿದೆನಾ? 'ಹಾಕಿರುತ್ತೇನೆ, ದಿನಾ ಹಾಕುತ್ತೇನಲ್ಲ' ಅಂದರೆ ಅದು ನಂಬಿಕೆ. ಬೀಗ ಒತ್ತಿ ಎರಡು ಸಲ ಜಗ್ಗಿದ್ದು ಚೆನ್ನಾಗಿ ನೆನಪಿದ್ದು, ಬೀಗವೂ ನಿಜವಾಗಿ ಬಿದ್ದಿದ್ದರೆ ಅದು ತಿಳಿವಳಿಕೆ. ವಾಪಸ್ ಹೋಗಿ ನೀವೂ ಜಗ್ಗಿ, ಜೊತೆಯಲ್ಲಿದ್ದವರೂ ಜಗ್ಗಿ ನೋಡಿದರೆ ಅದು ಸಾಬೀತಾದ ಸಂಗತಿ.

ನಮ್ಮ ಮಾತಿನಲ್ಲೇ ಈ ಗೆರೆ ಇದೆ. 'ಸುಮ್ನೆ ನಂಬಿಬಿಟ್ಟಿದ್ದೆ' ಅನ್ನುತ್ತೇವೆ, 'ತಪ್ಪು ತಿಳಿದುಕೊಂಡಿದ್ದೆ' ಅಂತಲೂ ಅನ್ನುತ್ತೇವೆ. 'ತಪ್ಪಾಗಿ ಗೊತ್ತಿತ್ತು' ಅಂತ ಮಾತ್ರ ಯಾರೂ ಅನ್ನುವುದಿಲ್ಲ, ಅಲ್ವಾ? ಸುಳ್ಳನ್ನು ನಂಬಬಹುದು. 'ಗೊತ್ತು' ಅನ್ನಬೇಕಾದರೆ ವಿಷಯ ನಿಜ ಇರಲೇಬೇಕು.

ಹಾಗಂತ ನಿಜ ಇದ್ದ ಮಾತ್ರಕ್ಕೂ ಸಾಲದು. 8ನೇ ಶತಮಾನದ ಬೌದ್ಧ ಚಿಂತಕ ಧರ್ಮೋತ್ತರ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಬಾಯಾರಿದವನೊಬ್ಬ ಬಿಸಿಲ್ಗುದುರೆ ಕಂಡು, ನೀರು ಅಂದುಕೊಂಡು ಓಡುತ್ತಾನೆ. ಹೋಗಿ ನೋಡಿದರೆ ಅಲ್ಲೇ ಬಂಡೆಯ ಕೆಳಗೆ ನೀರು ಇದೆ! ಹಾಗಾದರೆ ನೀರಿರುವುದು ಅವನಿಗೆ ಗೊತ್ತಿತ್ತಾ? ಅವನ ನಂಬಿಕೆ ನಿಜವಾಯಿತು, ನಿಜ. ಆದರೆ ಅವನು ಕಂಡಿದ್ದಕ್ಕೂ ಆ ನೀರಿಗೂ ಸಂಬಂಧವೇ ಇಲ್ಲ. ಅದು ಅದೃಷ್ಟ. 1963ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ಇದೇ ಗಂಟನ್ನು ಮತ್ತೆ ಎತ್ತಿದರು. ತತ್ವಶಾಸ್ತ್ರ ಓದುವವರು ಇನ್ನೂ ಅದನ್ನು ಬಿಡಿಸುತ್ತಿದ್ದಾರೆ.

ಇನ್ನು ಸಾಬೀತಾದ ಸಂಗತಿ. ಪುಸ್ತಕದಲ್ಲಿ ಅಚ್ಚಾಗಿದ್ದರೆ, ಎಲ್ಲರೂ ಒಪ್ಪಿದ್ದರೆ ಅದು ಸಾಬೀತಾದಂತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮನುಷ್ಯನ ಕೋಶದಲ್ಲಿರುವ, ಹೆತ್ತವರ ಗುಣಗಳನ್ನು ಮಕ್ಕಳಿಗೆ ದಾಟಿಸುವ ಎಳೆಗಳಾದ ಕ್ರೋಮೋಸೋಮ್‌ಗಳ ಕಥೆ ಕೇಳಿ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಅನ್ನುವ ವಿಜ್ಞಾನಿ ಅವು 48 ಅಂತ ಪ್ರಕಟಿಸಿದರು. ಸೂಕ್ಷ್ಮದರ್ಶಕದಲ್ಲಿ ಅವು ಒಂದರ ಮೇಲೊಂದು ಗೋಜಲಾಗಿ ಬಿದ್ದಿರುತ್ತಿದ್ದವು, ಎಣಿಸುವುದೇ ಕಷ್ಟ. ಆದರೂ 48 ಪಠ್ಯಪುಸ್ತಕ ಸೇರಿತು. ಆಮೇಲೆ ನೋಡಿದವರಿಗೂ 48 ಕಂಡವು! ಮೂವತ್ತು ವರ್ಷ ಹೀಗೇ ನಡೆಯಿತು. 1955ರ ಕೊನೆಯಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೊ, ಕೋಶಗಳನ್ನು ಉಬ್ಬಿಸಿ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಹರಡುವಂತೆ ಮಾಡಿ ಎಣಿಸಿದರು. 46 ಇದ್ದವು. ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಸೇರಿ ಪ್ರಕಟಿಸಿದರು. ಅದೇ 1956ರಲ್ಲಿ ಬ್ರಿಟನ್ನಿನ ಫೋರ್ಡ್ ಮತ್ತು ಹ್ಯಾಮರ್ಟನ್ ಬೇರೆ ಥರದ ಕೋಶಗಳಲ್ಲಿ ಎಣಿಸಿದಾಗಲೂ ಅವರ ಲೆಕ್ಕ 46ಕ್ಕೇ ಹೊಂದಿತು. ಒಬ್ಬರ ಲೆಕ್ಕವನ್ನು ಸಂಬಂಧವಿಲ್ಲದ ಇನ್ನೊಬ್ಬರು ಮತ್ತೆ ಎಣಿಸಿ ನೋಡಿದ ಆ ಘಳಿಗೆಯೇ ಸಾಬೀತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಅನ್ನುತ್ತಿದ್ದುದು ಇದನ್ನೇ.

ಆದರೆ ನಂಬಿಕೆಯನ್ನು 'ಅಷ್ಟೇ' ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ನೀವು ಹುಟ್ಟಿದ ದಿನ ನಿಮಗೆ ಹೇಗೆ ಗೊತ್ತು? ನೆನಪಂತೂ ಇಲ್ಲ. ಹೆತ್ತವರು ಹೇಳಿದ್ದು, ದಾಖಲೆಯಲ್ಲಿ ಬರೆದದ್ದು. ನಂಬಲರ್ಹರ ಮಾತನ್ನು ನಮ್ಮ ಹಳೆಯ ತತ್ವಶಾಸ್ತ್ರದ ಒಂದು ಪಂಥವಾದ ನ್ಯಾಯದರ್ಶನದವರು 'ಶಬ್ದ' ಅಂತ ಕರೆದು, ಕಣ್ಣಾರೆ ಕಂಡದ್ದರ ಜೊತೆಗೇ ಪ್ರಮಾಣದ, ಅಂದರೆ ಸರಿಯಾಗಿ ತಿಳಿಯುವ ದಾರಿಗಳ, ಸಾಲಿನಲ್ಲಿ ಇಟ್ಟಿದ್ದಾರೆ. ಎಲ್ಲವನ್ನೂ ನಾವೇ ಎಣಿಸುತ್ತಾ ಕೂರಲು ಆಗುವುದಿಲ್ಲ.

ಮುಂದಿನ ಸಲ ಯಾರಾದರೂ ನಿಮಗೆ 'ಅದು ನಿಮ್ಮ ನಂಬಿಕೆ ಅಷ್ಟೇ' ಅಂದಾಗ, ಬೇಸರ ಮಾಡಿಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದು ಒಂದು ವೇಳೆ ತಪ್ಪಾಗಿದ್ದರೆ, ಅದು ನನಗೆ ಯಾವ ದಾರಿಯಲ್ಲಿ ತಿಳಿಯುತ್ತಿತ್ತು?