ರೇಸ್ 9 ಗಂಟೆಗೆ, ಹಾಗಾದ್ರೆ ಏಳೋದು ಎಷ್ಟಕ್ಕೆ?

ಓದುಗರ ಪ್ರಶ್ನೆ: "ನಾವು ಹಲಸೂರು ಕೆರೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇವೆ. ಹುಟ್ಟು ಹಾಕುವವರು ನಾಲ್ವರು, ಜೊತೆಗೆ ಒಬ್ಬ ಕಾಕ್ಸ್ (ದೋಣಿಗೆ ದಿಕ್ಕು ತೋರಿಸಿ ಕೂಗಿ ಹೇಳುವವನು). ಮುಂದಿನ ತಿಂಗಳು ಹೊರ ಊರಲ್ಲಿ ಮೊದಲ ರೆಗಟ್ಟಾ, ಅಂದರೆ ದೋಣಿ ಸ್ಪರ್ಧೆ. 2000 ಮೀಟರ್, ಬೆಳಿಗ್ಗೆ 9ಕ್ಕೆ. ಆ ದಿನ ಏನೇನು ಮಾಡ್ಬೇಕು?"

9ರಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರೋಯಿಂಗ್‌ನ ನಿಯಮದ ಪ್ರಕಾರ 2 ನಿಮಿಷ ಮುಂಚೆಯೇ ದೋಣಿ ಸ್ಟಾರ್ಟ್‌ನಲ್ಲಿ ನಿಂತಿರಬೇಕು. ತಡವಾದರೆ ಹಳದಿ ಕಾರ್ಡ್, ಆಮೇಲೆ ಒಂದು ಫಾಲ್ಸ್ ಸ್ಟಾರ್ಟ್ ಆದರೆ ಅದು ಎರಡನೇ ಹಳದಿ, ಅಲ್ಲಿಗೆ ಔಟ್. ಸ್ಟಾರ್ಟ್ ಇರೋದು 2 ಕಿಲೋಮೀಟರ್ ಆಚೆ, ಅಲ್ಲಿಗೆ ಹೋಗುತ್ತಲೇ ಮೈ ಬಿಸಿಯಾಗಬೇಕು. ಹಾಗಾಗಿ 8.15ಕ್ಕೆ ನೀರಿಗಿಳಿಯಿರಿ.

ಕಾಕ್ಸ್‌ನ ತೂಕ ನೋಡುವುದು ರೇಸ್‌ಗೆ 2ರಿಂದ 1 ಗಂಟೆ ಮುಂಚೆ, ಅಂದರೆ 7ರಿಂದ 8ರೊಳಗೆ. 55 ಕಿಲೋಗಿಂತ ಕಡಿಮೆ ಇದ್ದರೆ ಉಳಿದಷ್ಟು ತೂಕವನ್ನು ಚೀಲದಲ್ಲಿ ಹೊರಬೇಕು. ನಿಮ್ಮ ರೆಗಟ್ಟಾದ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ.

ಅದೇ ಹೊತ್ತಿಗೆ ಉಳಿದ ನಾಲ್ವರು ಸ್ಪ್ಯಾನರ್ ಹಿಡಿದು ದೋಣಿ ಹತ್ತಿರ ಇರಲಿ. ಲಾರಿಯಲ್ಲಿ ಬಂದ ದೋಣಿ, ರಿಗ್ಗರ್ (ಹುಟ್ಟನ್ನು ಹಿಡಿದಿಡುವ ಪಕ್ಕದ ಕಂಬಿ) ಬಿಚ್ಚಿ ಮತ್ತೆ ಜೋಡಿಸಿರ್ತೀರಿ, ಒಂದೊಂದು ನಟ್ಟನ್ನೂ ಕೈಯಿಂದ ಮುಟ್ಟಿ ನೋಡಿ. ಸೀಟಿನ ಗಾಲಿ, ದೋಣಿಯಲ್ಲೇ ಇರುವ ಶೂಗಳ ಹಿಮ್ಮಡಿಗೆ ಕಟ್ಟಿದ ದಾರ, ದೋಣಿ ಮೂತಿಯ ರಬ್ಬರ್ ಚೆಂಡು ಕೂಡ ನೋಡಿ. ನಾನೊಮ್ಮೆ "ನಿನ್ನೆ ಟೈಟ್ ಮಾಡಿದ್ದೆ" ಅಂತ ಸುಮ್ನೆ ಬಿಟ್ಟೆ, ಅರ್ಧ ರೇಸ್‌ನಲ್ಲಿ ರಿಗ್ಗರ್ ಅಲ್ಲಾಡೋಕೆ ಶುರುವಾಯಿತು, ಉಳಿದ ಮೂವರು ಇವತ್ತಿಗೂ ರೇಗಿಸುತ್ತಾರೆ.

ತಿಂಡಿ 6ಕ್ಕೆ, ಹಾಗಾಗಿ ಏಳೋದು 5.30ಕ್ಕೆ. ಇಡ್ಲಿ, ಏಲಕ್ಕಿ ಬಾಳೆಹಣ್ಣು. ದಿನಾ ಕುಡಿಯುವವರಿಗೆ ಕಾಫಿ ಓಕೆ. ಬೆಣ್ಣೆ ಮಸಾಲೆ ದೋಸೆ ಬೇಡ, ಅದು ಅರಗೋಕೆ ಜಾಸ್ತಿ ಹೊತ್ತು ಬೇಕು.

ಇದೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನನಗೆ ನಿಮ್ಮ ಬಗ್ಗೆ ಚಿಂತೆ ಇರೋದು ಬೇರೆ. ಹಲಸೂರು ಕೆರೆಯಲ್ಲಿ ನೇರವಾಗಿ 2000 ಮೀಟರ್ ಸಿಗೋದೇ ಇಲ್ಲ ಅಲ್ವಾ? ನಡುವೆ ದೋಣಿ ತಿರುಗಿಸಲೇಬೇಕು, ತಿರುಗಿಸುವಾಗ ಎಲ್ಲರಿಗೂ ಸ್ವಲ್ಪ ಉಸಿರು ಸಿಗುತ್ತದೆ. ರೇಸ್‌ನಲ್ಲಿ ಆ ತಿರುವು ಇರೋದಿಲ್ಲ. ದಿನಾ ತಿರುಗಿಸುವಷ್ಟು ದೂರ ಬಂದ ಕೂಡಲೇ ಮೈ ಅದನ್ನು ಹುಡುಕುತ್ತದೆ, ದೋಣಿ ಸದ್ದಿಲ್ಲದೆ ನಿಧಾನವಾಗುತ್ತದೆ. ನಾಲ್ವರೂ ಹಿಂದೆ ಮುಖ ಮಾಡಿ ಕೂತಿರುತ್ತಾರೆ, ಗುರಿ ಎಷ್ಟು ದೂರ ಅಂತ ಕಾಣುವುದು ಕಾಕ್ಸ್‌ಗೆ ಮಾತ್ರ. ಹಾಗಾಗಿ ಮೀಟರ್ ಬದಲು ಹುಟ್ಟು ಎಣಿಸಿ. ರೇಸ್ 7 ನಿಮಿಷ ಅಂದುಕೊಂಡರೆ, ನಿಮಿಷಕ್ಕೆ 32ರಂತೆ ಒಟ್ಟು 224 ಸಲ. ದಿನಾ ತಿರುಗಿಸುವ ಆ ದೂರ ಬಂದ ಕೂಡಲೇ ಕಾಕ್ಸ್ "ಹತ್ತು ಜೋರು!" ಅಂತ ಕೂಗಬೇಕು, ಯಾವ ಹುಟ್ಟಿನಲ್ಲಿ ಅನ್ನೋದನ್ನು ಈಗಲೇ ಗೊತ್ತು ಮಾಡಿಕೊಂಡು ಕೆರೆಯಲ್ಲಿ ಅಭ್ಯಾಸ ಮಾಡಿ. ರೇಸ್ ದಿನ ಹೊಸ ಕೂಗು ಬೇಡ.

ಮತ್ತೆ, ದಡದಲ್ಲಿ ಬಿಟ್ಟ ಚಪ್ಪಲಿ ಕಾಯೋಕೆ ಒಬ್ಬರನ್ನು ಕರ್ಕೊಂಡು ಹೋಗಿ.