ಹೋಂಸ್ಟೇ ಬೋರ್ಡಿನಲ್ಲಿ ‘ಚೀಪ್’ ಬೇಡ

ಶಿರಸಿ, ಯಾಣ, ಗೋಕರ್ಣ ಕಡೆಯ ಹೋಂಸ್ಟೇಗಳಿಗೆ ಇಂಗ್ಲಿಷ್ ಬೋರ್ಡು, ಕರಪತ್ರ ಬರೆದುಕೊಡುವುದು ನನ್ನ ಕೆಲಸ. ಬಂದವರು ಮೊದಲು ಕೇಳುವುದು, ‘ಚೀಪ್ ರೂಮ್ಸ್’ ಅಂತ ದೊಡ್ಡದಾಗಿ ಹಾಕಿ ಎಂದು. ಬೇಡ ಅಂದರೆ ಬೇಜಾರು. “ಅಗ್ಗ ಅಂದ್ರೆ ಚೀಪ್ ಅಲ್ವಾ ಮೇಡಂ?”

ಹೌದು, ಆದರೆ ಅಷ್ಟೇ ಅಲ್ಲ. ಅಗ್ಗ, ಕಳಪೆ, ಜುಗ್ಗ, ಕೀಳು ಎಂದು ನಾವು ಬೇರೆ ಬೇರೆ ಹೇಳುವುದನ್ನೆಲ್ಲ ಇಂಗ್ಲಿಷಿನಲ್ಲಿ ಈ ಒಂದೇ ಮಾತು ಹೊತ್ತಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ವ್ಯಾಪಾರ ಅಂತ ಅರ್ಥ. ಲಂಡನ್ನಿನ ಚೀಪ್‌ಸೈಡ್ ಹಿಂದೆ ಪೇಟೆ ಬೀದಿಯಾಗಿತ್ತು. ‘ಗುಡ್ ಚೀಪ್’ ಅಂದರೆ ಒಳ್ಳೆಯ ವ್ಯಾಪಾರ. ಮುಂದೆ ‘ಗುಡ್’ ಬಿದ್ದುಹೋಯಿತು, ಕಡಿಮೆ ದರ ಎಂಬ ಅರ್ಥ ಉಳಿಯಿತು. ಕಳಪೆ ಎಂಬ ಅರ್ಥ ಆಮೇಲೆ ಅಂಟಿಕೊಂಡಿತು.

ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಆ ಮಾತನ್ನು ಎಲ್ಲಿ ಕೂರಿಸುತ್ತೀರಿ ಅಂತ ನೋಡಿ. ‘ರೂಮ್ಸ್ ಆರ್ ಚೀಪ್ ಹಿಯರ್’ ಅಂದರೆ ಸಾಮಾನ್ಯವಾಗಿ ಬಾಡಿಗೆ ಕಡಿಮೆ ಅಂತಲೇ ತಿಳಿಯುತ್ತಾರೆ. ‘ಚೀಪ್ ರೂಮ್ಸ್’ ಅಂತ ಮೊದಲೇ ಹಚ್ಚಿದರೆ ತೆಳು ಹಾಸಿಗೆ, ಸೋರುವ ನಲ್ಲಿ ನೆನಪಾಗುತ್ತದೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ‘ಚೀಪ್ ಟಿಕೆಟ್’ ಅಂದರೆ ಯಾರೂ ಟಿಕೆಟ್ ಕಳಪೆ ಅಂದುಕೊಳ್ಳುವುದಿಲ್ಲ. ಆದರೆ ಮಲಗುವ ಕೋಣೆ, ಉಣ್ಣುವ ಊಟ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಇವನ್ನೆಲ್ಲ ಜನ ಗುಣ ನೋಡಿಯೇ ತೆಗೆದುಕೊಳ್ಳುತ್ತಾರೆ. ಅಲ್ಲಿ ಈ ಮಾತು ನಿಮ್ಮ ವ್ಯಾಪಾರಕ್ಕೇ ಪೆಟ್ಟು.

ಇನ್ನು ‘ಚೀಪ್ ಪ್ರೈಸ್’. ಅಗ್ಗವಾಗುವುದು ಸಾಮಾನು, ಬೆಲೆಯಲ್ಲ. ಬೆಲೆಗೆ ‘ಲೋ’ ಸಾಕು.

ಮನುಷ್ಯರಿಗಂತೂ ಹಚ್ಚಲೇಬೇಡಿ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಅಮೆರಿಕದ ಅತಿಥಿಗಳು, ಇಂಥ ಊಟಕ್ಕೆ ಇಷ್ಟೇ ದುಡ್ಡಾ ಎಂದು ಬೆರಗಾದರು. ಮನೆಯ ಹುಡುಗ ಹೆಮ್ಮೆಯಿಂದ, “ಮೈ ಮದರ್ ಈಸ್ ವೆರಿ ಚೀಪ್” ಅಂದ. ಅಮೆರಿಕದವರ ಕಿವಿಗೆ ಅದು ‘ನಮ್ಮ ಆಯಿ ಭಾರಿ ಜುಗ್ಗಿ’. ಬಾಳೆಲೆ ತುಂಬ ಬಡಿಸಿ, ಇನ್ನೂ ಒಂದು ಸೌಟು ತಂಬುಳಿ ಹಾಕ್ತೇನೆ ಎಂದು ನಿಂತಿದ್ದ ತಾಯಿ ಆಕೆ! ಹುಡುಗನ ಮನಸ್ಸು ಒಳ್ಳೆಯದೇ, ಪಾಪ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದೇ ನನಗೆ ಸಂಕಟ. “ಶಿ ಚಾರ್ಜಸ್ ವೆರಿ ಲಿಟಲ್” ಅಂದಿದ್ದರೆ ಸರಿಹೋಗುತ್ತಿತ್ತು.

ಬೋರ್ಡಿಗೆ ‘ಅಫರ್ಡಬಲ್’ ಅಥವಾ ‘ರೀಸನಬಲ್’ ಹಾಕಬಹುದು. ನನ್ನನ್ನು ಕೇಳಿದರೆ ಅದೂ ಬೇಡ. ಒಂದು ರಾತ್ರಿಗೆ ಎಷ್ಟು ಅಂತ ಅಂಕಿಯಲ್ಲೇ ಬರೆಯಿರಿ, ಊಟ ಸೇರಿದೆಯೋ ಇಲ್ಲವೋ ಅದನ್ನೂ ಕೆಳಗೆ ಹಾಕಿ.