ಮೊಟ್ಟೆ ಬೇಯಿಸಿದರೆ ಪ್ರೋಟೀನ್ ಸಾಯುತ್ತಾ?

ಪ್ರಶ್ನೆ: ನಾನು ದಿನಾ ಜಿಮ್‌ಗೆ ಹೋಗುತ್ತೇನೆ. ಬೇಯಿಸಿದರೆ ಮೊಟ್ಟೆಯ ಪ್ರೋಟೀನ್ ಸತ್ತುಹೋಗುತ್ತದೆ, ಹಸಿಯಾಗಿಯೇ ಕುಡಿಯಬೇಕು ಅಂತ ಅಲ್ಲಿ ಹೇಳುತ್ತಾರೆ. ಹಾಗೆ ಕುಡಿದರೆ ಮನೆಯಲ್ಲಿ ಅಮ್ಮ ಬೈಯುತ್ತಾರೆ. ಯಾರ ಮಾತು ಸರಿ ಸರ್?

ಅಮ್ಮನ ಮಾತು ಸರಿ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ಈ ಪ್ರಶ್ನೆ ನನಗೆ ಹೊಸದಲ್ಲ. ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಬಿಸಿ ಹಾಲಿಗೆ ಪ್ರೋಟೀನ್ ಪೌಡರ್ ಹಾಕಿದರೆ ದುಡ್ಡು ದಂಡವಾ? ಬೇಳೆಗೆ ಜಾಸ್ತಿ ವಿಷಲ್ ಕೂಗಿಸಿದರೆ ಸತ್ವ ಹೋಗುತ್ತಾ? ಮೊಳಕೆ ಕಾಳು ಬೇಯಿಸದೆ ತಿಂದರೇ ಒಳ್ಳೆಯದಾ? ಎಲ್ಲದರ ಬೇರು ಒಂದೇ. ಬಿಸಿ ತಾಗಿದರೆ ಪ್ರೋಟೀನ್ ಪ್ರಾಣ ಬಿಡುತ್ತದೆ ಅನ್ನುವ ನಂಬಿಕೆ. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಈ ಸಲ ಸ್ವಲ್ಪ ಆಳಕ್ಕೇ ಅಗೆಯುತ್ತೇನೆ.

ಮೊದಲಿಗೆ, ಪ್ರೋಟೀನ್ ಜೀವಿಯಲ್ಲ, ಅಣು. ಸಾಯಲು ಅದಕ್ಕೆ ಜೀವವೇ ಇಲ್ಲ. ಅಮೈನೋ ಆಮ್ಲಗಳು ಒಂದರ ಹಿಂದೆ ಒಂದು ಪೋಣಿಸಿಕೊಂಡ ಉದ್ದನೆಯ ಸರಪಳಿ ಅದು. ಮೊಟ್ಟೆಯ ಬಿಳಿ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವ ಪ್ರೋಟೀನ್ ಓವಾಲ್ಬ್ಯುಮಿನ್. ಅದರಲ್ಲಿ 385 ಅಮೈನೋ ಆಮ್ಲಗಳಿವೆ. ಈ ಸರಪಳಿ ಉದ್ದಕ್ಕೆ ಬಿದ್ದಿರುವುದಿಲ್ಲ. ತನ್ನದೇ ಒಂದು ಲೆಕ್ಕದಲ್ಲಿ ಮಡಚಿಕೊಂಡು, ಸುತ್ತಿಕೊಂಡು ಪುಟ್ಟ ಉಂಡೆಯಾಗಿರುತ್ತದೆ.

ಇಲ್ಲಿ ಎರಡು ಬಗೆಯ ಹಿಡಿತಗಳಿವೆ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಮುಗಿಯಿತು. ಒಂದು ಅಮೈನೋ ಆಮ್ಲವನ್ನು ಪಕ್ಕದ್ದಕ್ಕೆ ಜೋಡಿಸುವುದು ಪೆಪ್ಟೈಡ್ ಬಂಧ. ಅದು ಗಟ್ಟಿ. ಮಡಿಕೆಗಳನ್ನು ಹಿಡಿದಿಡುವವು ಹೈಡ್ರೋಜನ್ ಬಂಧದಂಥ ಸಣ್ಣ ಸಣ್ಣ ಹಿಡಿತಗಳು. ಅವು ಬಿಸಿಗೆ ಬೇಗ ಬಿಟ್ಟುಕೊಡುತ್ತವೆ. ಮೊಟ್ಟೆ ಬೇಯುವಾಗ ಬಿಡುವುದು ಈ ಎರಡನೆಯವು ಮಾತ್ರ. ಕರಿಮಣಿ ಸರವನ್ನು ಡಬ್ಬಿಯಲ್ಲಿ ಸುರುಳಿ ಮಾಡಿಟ್ಟರೂ, ಹೊರಗೆ ತೆಗೆದು ಬಿಡಿಸಿದರೂ ಮಣಿಗಳ ಲೆಕ್ಕ ಅಷ್ಟೇ, ಅಲ್ವಾ? ಹೀಗೆ ಮಡಿಕೆ ಬಿಚ್ಚುವುದಕ್ಕೆ ಡೀನೇಚರೇಶನ್ ಅನ್ನುತ್ತಾರೆ. ನಿಮ್ಮ ಸ್ನಾಯುಗಳಿಗೆ ಬೇಕಾಗಿರುವುದು ಅಮೈನೋ ಆಮ್ಲಗಳು. ಅವು ಅಷ್ಟೂ ಇದ್ದ ಕಡೆಯೇ ಇವೆ.

ಪೆಪ್ಟೈಡ್ ಬಂಧ ಎಷ್ಟು ಗಟ್ಟಿ ಅಂತ ಅನುಮಾನ ಇದ್ದವರಿಗೆ ಲ್ಯಾಬಿನ ಕಥೆ ಹೇಳುತ್ತೇನೆ. ಒಂದು ಪ್ರೋಟೀನಿನಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆ ಅಂತ ಅಳೆಯಲು ಸರಪಳಿಯನ್ನು ಪೂರ್ತಿ ಒಡೆಯಬೇಕು. ಅದಕ್ಕೆ ರೂಢಿಯ ವಿಧಾನ ಹೀಗಿದೆ: 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 24 ಗಂಟೆ ಕಾಯಿಸಬೇಕು. ನಿಮ್ಮ ಅಡುಗೆಮನೆಯಲ್ಲಿ ಹತ್ತು ನಿಮಿಷ ಬರೀ ನೀರಿನಲ್ಲಿ ಕುದಿಯುವ ಮೊಟ್ಟೆಗೆ ಅಂಥದ್ದೇನೂ ಆಗುವುದಿಲ್ಲ.

ಇನ್ನೂ ಒಂದು ತಮಾಷೆ ಇದೆ. ಬೇಯಿಸಬಾರದು ಅಂತ ಹಸಿ ಮೊಟ್ಟೆ ಕುಡಿದಿರಿ ಅಂತಲೇ ಇಟ್ಟುಕೊಳ್ಳಿ. ಅದು ಹೋಗಿ ಬೀಳುವುದು ಎಲ್ಲಿಗೆ? ಹೊಟ್ಟೆಯ ಆಮ್ಲಕ್ಕೆ. ಖಾಲಿ ಹೊಟ್ಟೆಯಲ್ಲಿ ಅದರ ಪಿಹೆಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 1.5ರಿಂದ 2ರ ಆಸುಪಾಸು. ಬಿಸಿ ಮಾಡುವ ಕೆಲಸವನ್ನೇ ಅಲ್ಲಿ ಆಮ್ಲ ಮಾಡುತ್ತದೆ, ಮಡಿಕೆ ಬಿಚ್ಚುತ್ತದೆ. ಬಿಚ್ಚಲೇಬೇಕು. ಮಡಿಕೆ ಬಿಗಿಯಾಗಿದ್ದರೆ ಪೆಪ್ಸಿನ್, ಟ್ರಿಪ್ಸಿನ್‌ನಂಥ ಕಿಣ್ವಗಳಿಗೆ ಕತ್ತರಿಸುವ ಜಾಗವೇ ಸರಿಯಾಗಿ ಸಿಗುವುದಿಲ್ಲ. ಅಂದರೆ ನೀವು ಅಷ್ಟೊಂದು ಹೆದರುವ ಡೀನೇಚರೇಶನ್, ಜೀರ್ಣವಾಗುವ ದಾರಿಯ ಮೊದಲ ಹೆಜ್ಜೆ. ಅದನ್ನು ಒಲೆಯ ಮೇಲೆ ಮಾಡಿಕೊಟ್ಟರೆ ಹೊಟ್ಟೆಗೆ ಕೆಲಸ ಹಗುರ.

ಇದು ಬರೀ ತರ್ಕ ಅಲ್ಲ, ಅಳೆದೂ ನೋಡಿದ್ದಾರೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಭಾರವಾದ ಪರಮಾಣುಗಳ ಗುರುತಿದ್ದ ಮೊಟ್ಟೆಗಳನ್ನು ಕೆಲವರಿಗೆ ಬೇಯಿಸಿಯೂ ಕೊಟ್ಟರು, ಹಸಿಯಾಗಿಯೂ ಕೊಟ್ಟರು. ಅವರೆಲ್ಲ ಶಸ್ತ್ರಚಿಕಿತ್ಸೆಯಾಗಿ ಸಣ್ಣ ಕರುಳಿನ ತುದಿ ಹೊಟ್ಟೆಯ ಹೊರಕ್ಕೆ ತೆರೆದುಕೊಂಡಿದ್ದವರು. ಹಾಗಾಗಿ ಜೀರ್ಣವಾಗದೆ ಉಳಿದದ್ದು ಎಷ್ಟು ಅಂತ ನೇರವಾಗಿ ಅಳೆಯಲು ಸಾಧ್ಯವಾಯಿತು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು 91% ಜೀರ್ಣವಾಯಿತು. ಹಸಿಯದ್ದು ಸುಮಾರು 51%. ಭಾಗವಹಿಸಿದವರು ಐದೇ ಜನ, ನಿಜ. ಅದಕ್ಕೇ ಪಾಯಿಂಟಿನ ನಂತರದ ಅಂಕಿಗಳಿಗೆ ನಾನು ಜೋತುಬೀಳುವುದಿಲ್ಲ. ಆದರೆ ತಕ್ಕಡಿ ಯಾವ ಕಡೆ ವಾಲಿದೆ ಅನ್ನುವುದು ಸ್ಪಷ್ಟ. ಒಂದು ಮೊಟ್ಟೆಯಲ್ಲಿ ಇರುವುದೇ 6 ಗ್ರಾಂ ಆಸುಪಾಸು ಪ್ರೋಟೀನ್. ಅದರಲ್ಲಿ ಅರ್ಧ ಕಳೆದುಕೊಳ್ಳುವುದಕ್ಕೆ ಮೂಗು ಮುಚ್ಚಿಕೊಂಡು ಲೋಳೆ ಕುಡಿಯಬೇಕಾ?

ಹಸಿ ಬಿಳಿಯಲ್ಲಿ ಅವಿಡಿನ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಅದು ಬಯೋಟಿನ್ ವಿಟಮಿನ್ನನ್ನು ಹಿಡಿದುಕೊಂಡರೆ ಬಿಡುವುದೇ ಇಲ್ಲ. ಚೆನ್ನಾಗಿ ಬೇಯಿಸಿದರೆ ಅದರ ಆಟ ನಿಲ್ಲುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮಾತು ಬೇರೆಯೇ. ಹಸಿ ಸೋಯಾ ಕಾಳಿನಲ್ಲಂತೂ ನಮ್ಮ ಟ್ರಿಪ್ಸಿನ್ ಕೆಲಸವನ್ನೇ ತಡೆಯುವ ಪ್ರೋಟೀನ್ ಇದೆ, ಅದನ್ನೂ ಅಡಗಿಸುವುದು ಬಿಸಿಯೇ. ಕುಕ್ಕರ್ ವಿಷಲ್ ಬಗ್ಗೆ ಕೇಳಿದವರಿಗೆ ಇದೇ ಉತ್ತರ. ಪೌಡರ್ ಬಿಸಿ ಹಾಲಿನಲ್ಲಿ ಗಂಟು ಕಟ್ಟಬಹುದು, ಅಷ್ಟೇ. ದುಡ್ಡು ದಂಡವಲ್ಲ.

ಹಾಗಾದರೆ ಬಿಸಿಯಿಂದ ನಷ್ಟವೇ ಇಲ್ಲವಾ? ಇದೆ, ಆದರೆ ನೀವು ಹುಡುಕುತ್ತಿರುವ ಕಡೆ ಇಲ್ಲ. ಧಾರವಾಡ ಪೇಡೆಯ ಕಂದು ಬಣ್ಣ ನೋಡಿ. ಖೋವಾ, ಸಕ್ಕರೆ ಎರಡನ್ನೂ ಗಂಟೆಗಟ್ಟಲೆ ಕೈಯಾಡಿಸುತ್ತಾ ಹುರಿಯುವಾಗ ಪ್ರೋಟೀನಿನ ಲೈಸಿನ್ ಅನ್ನುವ ಅಮೈನೋ ಆಮ್ಲ ಸಕ್ಕರೆ ಅಂಶದ ಜೊತೆ ಸೇರಿಕೊಳ್ಳುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರೇ ಈ ಕ್ರಿಯೆಗೆ ಉಳಿದಿದೆ. ಹೀಗೆ ಸೇರಿಹೋದ ಲೈಸಿನ್ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಆದರೆ ಪೇಡೆಯನ್ನು ಲೈಸಿನ್‌ಗೋಸ್ಕರ ತಿನ್ನುವವರನ್ನು ನಾನಂತೂ ಕಂಡಿಲ್ಲ.

ಈಗ ಯಾರೂ ಕೇಳದ ಪ್ರಶ್ನೆ. ಕೇಳಬೇಕಿತ್ತು ಅಂತ ನನ್ನ ಆಸೆ. ಬಿಚ್ಚಿಕೊಂಡ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುವುದರಿಂದ ಮೊಟ್ಟೆ ಗಟ್ಟಿಯಾಗುತ್ತದೆ. ನೀರು ಆ ಬಲೆಯೊಳಗೇ ಸಿಕ್ಕಿಕೊಳ್ಳುತ್ತದೆ. ಬೆಂದ ಬಿಳಿಯಲ್ಲೂ ಸುಮಾರು 88% ನೀರೇ. ಸರಿ, ಹಾಲಿನಲ್ಲೂ ಪ್ರೋಟೀನ್ ಇದೆಯಲ್ಲ, ಅದು ಕುದಿದರೂ ಯಾಕೆ ಗಟ್ಟಿಯಾಗುವುದಿಲ್ಲ?

ಹಾಲಿನ ಪ್ರೋಟೀನಿನಲ್ಲಿ ಸುಮಾರು 80% ಕೇಸೀನ್. ಅದಕ್ಕೆ ಮೊದಲೇ ಬಿಗಿಯಾದ ಮಡಿಕೆಗಳಿಲ್ಲ. ಬಿಚ್ಚಲು ಏನಾದರೂ ಇದ್ದರೆ ತಾನೇ ಬಿಸಿ ಬಿಚ್ಚುವುದು? ಕೇಸೀನ್ ಹೆದರುವುದು ಹುಳಿಗೆ. ತಾಜಾ ಹಾಲಿನ ಪಿಹೆಚ್ 6.6 ಹತ್ತಿರ ಇರುತ್ತದೆ. ಆಗ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಹುಳಿ ಸೇರಿ ಪಿಹೆಚ್ 4.6ರತ್ತ ಇಳಿದರೆ ಆ ತಳ್ಳಾಟ ನಿಂತು ಅಂಟಿಕೊಳ್ಳುತ್ತವೆ. ನಿಂಬೆಹಣ್ಣು ಹಿಂಡಿದರೆ ಪನೀರ್, ಹೆಪ್ಪು ಹಾಕಿದರೆ ಮೊಸರು. ಫ್ರಿಜ್ ಹೊರಗೆ ಮರೆತ ಹಾಲು ಒಲೆಗಿಟ್ಟ ಕೂಡಲೇ ಒಡೆಯುವುದೂ ಇದಕ್ಕೇ. ಅದು ಒಳಗೊಳಗೇ ಹುಳಿಯಾಗಿರುತ್ತದೆ, ಬಿಸಿ ಬರೀ ನೆಪ.

ಹಾಲನ್ನು ಕಾಯಿಸಿಯೇ ಹೆಪ್ಪು ಹಾಕುವುದರಲ್ಲೂ ಜಾಣತನವಿದೆ. ಹಾಲಿನ ಪ್ರೋಟೀನಿನಲ್ಲಿ ಉಳಿದ 20% ‘ವೇ’ (whey) ಪ್ರೋಟೀನ್‌ಗಳು, ಅಂದರೆ ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನಲ್ಲಿ ಉಳಿಯುವಂಥವು. ಅವುಗಳ ಪೈಕಿ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ 70 ಡಿಗ್ರಿ ದಾಟಿದರೆ ಬಿಚ್ಚಿಕೊಂಡು ಕೇಸೀನ್ ಕಣಗಳಿಗೆ ಅಂಟುತ್ತದೆ. ಮೊಸರು ಗಟ್ಟಿಯಾಗಿ ಕೂರುತ್ತದೆ, ನೀರು ಕಡಿಮೆ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಹಳ್ಳಿ ಕಡೆಯವರು ಒಂದು ಆಕ್ಷೇಪ ಎತ್ತಬೇಕು. ಗಿಣ್ಣುಹಾಲು ಬರೀ ಹಬೆಗೆ ಗಟ್ಟಿಯಾಗುತ್ತದಲ್ಲ? ಹುಳಿ ಎಲ್ಲಿ ಹಾಕುತ್ತೇವೆ? ಒಳ್ಳೆ ಆಕ್ಷೇಪ. ಕರು ಹಾಕಿದ ಹಸುವಿನ ಮೊದಲ ಹಾಲಿನಲ್ಲಿ ಪ್ರೋಟೀನ್ ಮಾಮೂಲಿ ಹಾಲಿನ ಮೂರು ನಾಲ್ಕು ಪಟ್ಟು ಇರುತ್ತದೆ. ಹೆಚ್ಚಾಗಿರುವುದು ಬಹುಪಾಲು ಇಮ್ಯುನೋಗ್ಲಾಬ್ಯುಲಿನ್, ಕರುವಿಗೆ ರೋಗ ತಡೆಯುವ ಶಕ್ತಿ ಕೊಡುವ ಪ್ರೋಟೀನ್. ಅವು ಕೇಸೀನ್ ಥರ ಅಲ್ಲ. ಮೊಟ್ಟೆಯ ಬಿಳಿಯಂತೆ ಬಿಗಿಯಾಗಿ ಮಡಚಿಕೊಂಡವು, ಬಿಸಿಗೆ ಬಿಚ್ಚಿ ಬಲೆ ಹೆಣೆಯುವವು. ಮೊದಲ ದಿನದ ಹಾಲಿಗೆ ಮಾಮೂಲಿ ಹಾಲು ಬೆರೆಸದಿದ್ದರೆ ಗಿಣ್ಣು ರಬ್ಬರಿನಂತಾಗುತ್ತದೆ. ಮೂರ್ನಾಲ್ಕು ದಿನ ಕಳೆದರೆ ಅದೇ ಹಸುವಿನ ಹಾಲು ಎಷ್ಟು ಬೇಯಿಸಿದರೂ ಸರಿಯಾಗಿ ಕೂರುವುದಿಲ್ಲ. ಕರುವಿಗೆ ಬಿಟ್ಟು ಮಿಕ್ಕಿದ್ದನ್ನು ಮಾತ್ರ ಒಲೆಗಿಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ.

ಪೇಟೆಯಲ್ಲಿ ಚೈನಾ ಗ್ರಾಸ್ ಹಾಕಿ ಗಿಣ್ಣು ಅಂತ ಮಾಡುತ್ತಾರಲ್ಲ, ಅದರಲ್ಲಿ ಗಟ್ಟಿ ಮಾಡುವುದು ಪ್ರೋಟೀನೇ ಅಲ್ಲ. ಕಡಲ ಪಾಚಿಯಿಂದ ತೆಗೆದ ಅಗಾರ್, ಅಂದರೆ ಸಕ್ಕರೆ ಅಣುಗಳ ಸರಪಳಿ. ಅದು ಬಿಸಿಯಲ್ಲಿ ಕರಗಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಗುರುತು ಹಿಡಿಯುವುದು ಸುಲಭ. ಒಂದು ಚೂರನ್ನು ಪಾತ್ರೆಗೆ ಹಾಕಿ ಕುದಿಯುವಷ್ಟು ಬಿಸಿ ಮಾಡಿ. ಕರಗಿ ನೀರಾದರೆ ಚೈನಾ ಗ್ರಾಸ್, ಹಾಗೇ ಕೂತಿದ್ದರೆ ಗಿಣ್ಣು.